ಹತ್ತೊಂಬತ್ತು ವೋಲ್ಟ್

ಕಾರ್ಖಾನೆಯ ಮಾಲೀಕರು ಆಗಷ್ಟೇ ಅಪ್ಪನ ಶವದ ಕಾಲ ಬಳಿ ಇಟ್ಟ ಹೂಗುಚ್ಛವನ್ನು ಮಗಳು ಎತ್ತಿಕೊಂಡು ಹೋಗಿ ಗೇಟಿನಾಚೆ ಇಟ್ಟು ಬಂದಳು.

"ಬುದ್ಧಿ ನೆಟ್ಟಗಿದೆಯೇನೇ?" ಚಿಕ್ಕಪ್ಪ ಹಲ್ಲು ಕಚ್ಚಿದ.

"ಬಿಡಿ, ದುಃಖದಲ್ಲಿದಾಳೆ," ಎಂದರು ಮಾಲೀಕರು, ನೆರೆದವರಿಗೆಲ್ಲ ಕೇಳುವಂತೆ. "ಇವರಪ್ಪ ಲಿಫ್ಟ್ ಬೋರ್ಡಿನಲ್ಲಿ ಒಂದು ತಪ್ಪು ಮಾಡಿದ್ರು, ನಿಜ. ನಾವದನ್ನ ಯಾವತ್ತೋ ಮರೆತ್ವಿ. ಚಿನ್ನದಂಥ ಮನುಷ್ಯ."

ಅವಳ ಮೈಯೆಲ್ಲ ಉರಿದುಹೋಯಿತು. ಸತ್ತ ಮೇಲೂ ಆ ತಪ್ಪನ್ನು ಅಪ್ಪನ ತಲೆಗೇ ಕಟ್ಟಿ ಕಳಿಸುತ್ತಿದ್ದಾರೆ.

*

ನಾಲ್ಕು ವರ್ಷದ ಹಿಂದೆ, ಒಂದು ಭಾನುವಾರ, ಅಪ್ಪ ಊಟದ ಮೇಜಿನ ಮೇಲೆ ಲಿಫ್ಟ್ ನಡೆಸುವ ಆ ಸರ್ಕ್ಯೂಟ್ ಬೋರ್ಡನ್ನು ಇಟ್ಟುಕೊಂಡು ಕೂತಿದ್ದ.

"ಒಳಗೆ ಬರೋದು ಇಪ್ಪತ್ನಾಲ್ಕು ವೋಲ್ಟ್. ಬೋರ್ಡಿಗೆ ಬೇಕಾದ್ದು ಐದು. ಉಳಿದ ಹತ್ತೊಂಬತ್ತನ್ನೂ ಈ ಪುಟ್ಟ ಚಿಪ್ ಬರೀ ಬಿಸಿ ಮಾಡಿ ಕಳೀಬೇಕು ಮಗಳೇ. ಬೇಯದೆ ಇನ್ನೇನಾಗುತ್ತೆ?"

"ಬೇರೆ ದಾರಿ ಇಲ್ವಾ?"

"ಇದೆ. ತಂತಿ ಸುತ್ತಿದ ಒಂದು ಕಾಯಿಲ್ ಹಾಕಿ, ಕರೆಂಟನ್ನ ಚೂರುಚೂರಾಗಿ ಬಿಟ್ಟು ಇಳಿಸಿದ್ರೆ ಬಿಸಿ ಅಷ್ಟಾಗಿ ಹುಟ್ಟೋದೇ ಇಲ್ಲ. ಆದ್ರೆ ಕಾಯಿಲ್ ಎತ್ತರ, ಬೋರ್ಡು ಕೂರೋ ಡಬ್ಬಿ ಗಿಡ್ಡ. ಡಬ್ಬಿ ಆಗಲೇ ತಯಾರಾಗಿ ಬಂದಿದೆಯಂತೆ."

"ಹಾಗಾದ್ರೆ ಪರೀಕ್ಷೆ ಹೇಗೆ ಪಾಸಾಯ್ತಪ್ಪ?"

ಅಪ್ಪ ಕಹಿಯಾಗಿ ನಕ್ಕ. "ಮುಚ್ಚಳ ಬಿಚ್ಚಿಸಿ, ಫ್ಯಾನಿನ ಕೆಳಗಿಟ್ಟು, ಮುಟ್ಟಿ ನೋಡಿ ತಣ್ಣಗಿದೆ ಅಂದ್ರು. ಮುಚ್ಚಳ ಹಾಕಿ ನೋಡಿ ಅಂತ ಮೂರು ಸಲ ಬರೆದುಕೊಟ್ಟೆ."

ಆ ಬೇಸಿಗೆಯಲ್ಲಿ ಎರಡು ಲಿಫ್ಟುಗಳು ಜನರ ಸಮೇತ ಮಹಡಿಗಳ ನಡುವೆ ನಿಂತವು. ಬೋರ್ಡು ಕರಕಲಾಗಿತ್ತು. ಕಾರ್ಖಾನೆಯ ವರದಿಯಲ್ಲಿ ತಪ್ಪಿತಸ್ಥನೆಂದು ಇದ್ದದ್ದು ಅಪ್ಪನ ಹೆಸರು. ಅಂದಿನಿಂದ ಅವನು ಪ್ಯಾಕಿಂಗಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದ.

*

"ಮುಚ್ಚಳ ಬಿಚ್ಚಿಸಿದ್ದು ಯಾರು? ಇಲ್ಲೇ ಹೇಳಿ," ಎಂದಳು ಮಗಳು.

"ಇದು ಅದನ್ನೆಲ್ಲ ಮಾತಾಡೋ ಹೊತ್ತಲ್ಲಮ್ಮ."

"ಇನ್ಯಾವ ಹೊತ್ತು? ಇನ್ನರ್ಧ ಗಂಟೆಗೆ ಅಪ್ಪ ಇಲ್ಲಿರಲ್ಲ."

ಗೋಡೆಗೆ ಒರಗಿ ಕೂತಿದ್ದ, ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಅಕ್ಕ, ಅಪ್ಪನ ಪಕ್ಕದ ಮೇಜಿನಲ್ಲಿ ಹದಿನೆಂಟು ವರ್ಷ ದುಡಿದವಳು, ಮೆಲ್ಲಗೆ ಎದ್ದಳು.

"ಸ್ಕ್ರೂ ಬಿಚ್ಚಿದ್ದು ನಾನು. ಬಿಚ್ಚು ಅಂದಿದ್ದು ನೀವು, ಸಾರ್. ಅವತ್ತು ನನ್ನ ಬಾಯಿಗೇ ಬೆಸುಗೆ ಬಿದ್ದಿತ್ತು."

ಮಾಲೀಕರು ಕೈಗಡಿಯಾರ ನೋಡಿಕೊಂಡರು.

ಚಟ್ಟ ಎತ್ತುವ ಹೊತ್ತಾಯಿತು. ಮಾಲೀಕರು ಅಂಗಿಯ ತೋಳು ಮಡಚಿ ಹೆಗಲು ಕೊಡಲು ಮುಂದೆ ಬಂದರು.

"ಜಾಗ ಇಲ್ಲ ಸಾರ್," ಎಂದ ಚಟ್ಟದ ಮುಂದಿನ ತುದಿ ಹಿಡಿದಿದ್ದ, ಅಪ್ಪನ ಜೊತೆ ಪ್ಯಾಕಿಂಗಿನಲ್ಲಿದ್ದವನು, ಅಲುಗದೆ. ಆಮೇಲೆ ತಾನೇ ಹಿಂದೆ ಸರಿದು, ಮಗಳಿಗೆ ಜಾಗ ಬಿಟ್ಟ. ಅಡ್ಡ ಬರಹೊರಟ ಚಿಕ್ಕಪ್ಪ ಪಕ್ಕಕ್ಕೆ ಸರಿದ. ಅವಳು ಹೆಗಲೊಡ್ಡಿದಳು.

ಜನ ಮಾಲೀಕರ ಎಡಕ್ಕೂ ಬಲಕ್ಕೂ ಕವಲೊಡೆದು ಬೀದಿಗಿಳಿದರು. ಮಾಲೀಕರ ಬಲಗೈ ಇನ್ನೂ ಹೆಗಲೆತ್ತರದಲ್ಲೇ, ಏನನ್ನೂ ಹಿಡಿಯದೆ ನಿಂತಿತ್ತು.