ಅದೇ ಹತ್ತು ಹನಿ

ಕಥೆಯೊಳಗಿನ ಅತ್ತೆ ಸೊಸೆಗೆ ಬೈಯಲು ಬಾಯಿ ತೆರೆದಿದ್ದಳು. ತೆರೆದ ಬಾಯಿಯನ್ನು ಹಾಗೇ ಬಿಟ್ಟು, ಬೀಸಣಿಗೆ ಬಿಸುಟು, ಕಿಮೋನೊದ ಅಂಚು ಎತ್ತಿಕೊಂಡು, ಎಲ್ಲ ಪಾತ್ರಗಳ ದನಿಯಲ್ಲೂ ಒಬ್ಬರೇ ಕಥೆ ಹೇಳುತ್ತಿದ್ದ ಗುರು ಗೆಂಪಾಚಿ ಪರದೆಯ ಹಿಂದಕ್ಕೆ ಓಡಿದರು. ಮೆತ್ತೆಯ ಮೇಲೆ ಮಂಡಿಯೂರಿ ಕೂತವನು ಕಥೆ ಮುಗಿಸದೆ ಏಳುವುದನ್ನು ಅಸಾಕುಸಾದ ಆ ರಂಗಮಂದಿರ ಎಂದೂ ಕಂಡಿರಲಿಲ್ಲ.

ಮನೆಗೆ ಬಂದು, ಊಟಕ್ಕೆ ಮುಂಚೆ ಗುರುಗಳು ಶಿಷ್ಯ ಮಾಮೆಗೊರೊನನ್ನು ಕರೆದರು.

"ಮುಗೀತಯ್ಯ. ನಾಲಿಗೆ ಇನ್ನೂ ನನ್ನ ಮಾತು ಕೇಳತ್ತೆ, ಹೊಟ್ಟೆ ಕೇಳಲ್ಲ ಅಂತಿದೆ. ನಾಳೆ ಮಂದಿರದೋರಿಗೆ ಹೇಳ್ಬಿಡ್ತೀನಿ. ಗುರುವಿಂದ ಶಿಷ್ಯಂಗೆ ಬರೋ ಗೆಂಪಾಚಿ ಅನ್ನೋ ಹೆಸರು ಇನ್ಮೇಲೆ ನಿಂದು."

ಗುರುವಿನ ಕೆಮ್ಮನ್ನೂ ಬಿಡದೆ ಅನುಕರಿಸುತ್ತಲೇ ನಡುವಯಸ್ಸು ಮುಟ್ಟಿದ ಮಾಮೆಗೊರೊನ ಎದೆ ಒಮ್ಮೆ ಕುಣಿಯಿತು.

ಸೂಪು ಬಿಸಿಮಾಡಲು ಅಡಿಗೆಮನೆಗೆ ಹೋದಾಗ ಗುರುಗಳ ಔಷಧಿ ಕಣ್ಣಿಗೆ ಬಿತ್ತು. ಮಲಬದ್ಧತೆಗೆ ವೈದ್ಯರು ಕೊಟ್ಟದ್ದು, ಮಲಗುವ ಮುಂಚೆ ಹತ್ತು ಹನಿ. ಗುರುಗಳ ಸೆಟೆದ ಬೆರಳಿಗೆ ಆ ಪ್ಲಾಸ್ಟಿಕ್ ಸೀಸೆ ಹಿಚುಕಲು ಆಗುತ್ತಿರಲಿಲ್ಲ. ಅದಕ್ಕೇ ನಿನ್ನೆ ಮಾಮೆಗೊರೊ, ರಬ್ಬರ್ ಗುಂಡಿನ ಗಾಜಿನ ಕೊಳವೆಯಿದ್ದ ಬೇರೆ ಸೀಸೆಗೆ ಮುಕ್ಕಾಲು ಪಾಲು ಸುರಿದು, "ಯಾವುದ್ರಲ್ಲಾದ್ರೇನು ಗುರುಗಳೇ, ಹತ್ತು ಹನಿ ಹತ್ತೇ ಹನಿ" ಎಂದಿದ್ದ. ರಾತ್ರಿ ಗುರುಗಳು ಅದರಿಂದಲೇ ಹತ್ತು ಹನಿ ಕುಡಿದಿದ್ದರು.

ತಳದಲ್ಲಿ ನೀಲಿ ಉಂಗುರಗಳಿದ್ದ ಎರಡು ಸಾಕೆ ಮದ್ಯದ ಬಟ್ಟಲು ತೆಗೆದು ಒಂದೊಂದಕ್ಕೆ ಒಂದೊಂದು ಸೀಸೆಯಿಂದ ಹತ್ತು ಹನಿ ಬಿಟ್ಟ. ಹಳೆಯ ಸೀಸೆಯದು ಒಳ ಉಂಗುರದೊಳಗೇ ಮುದುಡಿ ಕೂತಿತು. ದಪ್ಪ ಮೂತಿಯ ಗಾಜಿನ ಕೊಳವೆಯದು ಹೊರ ಉಂಗುರವನ್ನೂ ನುಂಗಿತು.

ಮಾಮೆಗೊರೊ ಎರಡನ್ನೂ ಚೆಲ್ಲಿ, ತೊಳೆದು, ಕವುಚಿಟ್ಟ. ಸೂಪು ಬಡಿಸಿದ. ಹೆಸರು ಹಸ್ತಾಂತರಿಸುವ ಸಮಾರಂಭಕ್ಕೆ ಯಾವ ಬಣ್ಣದ ಕಿಮೋನೊ ಎಂದು ಗುರುಗಳು ಕೇಳಿದಾಗ "ಬೂದು ಚೆನ್ನಾಗಿರತ್ತೆ" ಎಂದೂ ಹೇಳಿದ.

ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಗುರುಗಳು ವಿದಾಯದ ಮಾತು ಅಭ್ಯಾಸ ಮಾಡುತ್ತಿದ್ದರು. ಅತ್ತೆಯದಲ್ಲ, ಕಳ್ಳನದಲ್ಲ, ಕುಡುಕನದಲ್ಲ. ಯಾವ ವೇಷವೂ ಇಲ್ಲದ ಮುದುಕನೊಬ್ಬನ ದನಿ. ಗುರುವಿನ ನೂರು ದನಿ ಬಲ್ಲ ಮಾಮೆಗೊರೊ ಅದನ್ನು ಕೇಳಿರಲೇ ಇಲ್ಲ. ತಡೆಯಲಾಗದೆ ಒಳಗೆ ಹೋಗಿ ಹಣೆ ಚಾಪೆಗೆ ಹಚ್ಚಿದ.

"ತಪ್ಪು ನಂದು. ನಿಮ್ಮ ಹೊಟ್ಟೇದಲ್ಲ. ಸೀಸೇದು."

"ಆಹಾ, ಇದ್ಯಾರ ದನಿ? ಕಥೇಲಿ ಸಿಕ್ಕಿಬೀಳೋ ಗುಮಾಸ್ತಂದಾ? ಭೇಷ್! ಮುದುಕನ್ನ ಸಮಾಧಾನ ಮಾಡೋಕೆ ಕಥೆ ಕಟ್ತೀಯಲ್ಲೋ!"

ಮಾಮೆಗೊರೊ ಬಟ್ಟಲು, ಸೀಸೆಗಳನ್ನು ತಂದು ಅವರೆದುರೇ ಮತ್ತೆ ಹನಿಸಿದ. ಗುರುಗಳು ಉಂಗುರಗಳನ್ನು ನೋಡುತ್ತಾ ಕೂತರು.

"ಯಾವಾಗ ಗೊತ್ತಾಯ್ತು?"

"ಊಟಕ್ಕೆ ಮುಂಚೆ."

"ಅಂದ್ರೆ ಬೂದು ಕಿಮೋನೊ ಅಂದಾಗ..."

"ಗೊತ್ತಿತ್ತು."

ಗುರುಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಾಜಿನ ಸೀಸೆ ಆಚೆ ತಳ್ಳಿ, "ಮಂದಿರದೋರಿಗೆ ಹೇಳೋದೇನೂ ಇಲ್ಲ. ಹೊಟ್ಟೆ ತಣ್ಣಗಾಗ್ಲಿ, ಇವತ್ತು ಔಷಧಿ ಬೇಡ. ನಾಳೆಯಿಂದ ಹಳೇ ಸೀಸೆ, ದಿನಾ ನೀನೇ ಹಿಚುಕು. ಈಗ ನೀರಲ್ಲಿ ಅಭ್ಯಾಸ ಮಾಡು" ಎಂದರು.

ಮಾಮೆಗೊರೊ ಮೂಲೆಯಲ್ಲಿದ್ದ ಅದೇ ಔಷಧಿಯ ಖಾಲಿ ಸೀಸೆಯೊಂದಕ್ಕೆ ನೀರು ತುಂಬಿ, ಬಟ್ಟಲು ತೊಳೆದು ಅದಕ್ಕೆ ಹಿಚುಕಿದ. ಗುರುಗಳು, ರಂಗದ ಮೇಲೆ ಬಾಯಿ ತೆರೆದೇ ಉಳಿದಿದ್ದ ಆ ಅತ್ತೆಯ ದನಿಯಲ್ಲಿ ಎಣಿಸತೊಡಗಿದರು.

"ಒಂದೂ... ಕೈ ನಡುಗಿಸ್ಬೇಡ ಕಣೇ, ನನ್ನ ಮುದ್ದಿನ ಸೊಸೆ... ಎರಡೂ..."

ನಗಬೇಕಾದ ಜಾಗ ಅದು. ಕಣ್ಣು ತುಂಬಿದ ಶಿಷ್ಯನಿಗೆ ಬಟ್ಟಲಿನ ಉಂಗುರಗಳೇ ಕಾಣುತ್ತಿರಲಿಲ್ಲ.