ಮೇಣದ ಹಲಗೆಯ ಕೊನೆಯ ಸಾಲು

ಥಾಸೋಸ್ ದ್ವೀಪದ ಜನ ಊರಿಗೊಬ್ಬ ವೈದ್ಯನನ್ನು ಆರಿಸಲು ಸಭೆ ಸೇರಿದ್ದರು. ಫಾನಿಯಾಸನಿಗೆ ಆ ಕೆಲಸ ಬೇಕೇ ಬೇಕಿತ್ತು. ಹದಿನೆಂಟು ವರ್ಷ ಔಷಧಿಯ ಚೀಲ ಹೊತ್ತು ಊರೂರು ಅಲೆದು ಮಂಡಿ ಸವೆದಿತ್ತು. ಇನ್ನಾದರೂ ಹೆಂಡತಿ ಹೆದಿಸ್ತೆಗೆ ಒಂದು ಕಡೆ ಒಲೆ ಹೂಡಿಕೊಡಬೇಕು ಅನ್ನುವುದೇ ಅವನ ಆಸೆ. ಎದುರಾಳಿಯಾಗಿ ನಿಂತವನು ಮೆಲಾಂತ. ಅವನನ್ನು ಎದುರಾಳಿ ಅನ್ನಲು ಫಾನಿಯಾಸನಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ಇಬ್ಬರೂ ಒಬ್ಬನೇ ಗುರುವಿನ ಕೈಕೆಳಗೆ ಕಲಿತವರು, ಅಣ್ಣತಮ್ಮಂದಿರ ಹಾಗಿರುತ್ತೇವೆಂದು ದೇವರ ಮುಂದೆ ಆಣೆ ಮಾಡಿದವರು. ಹೋದ ವಾರವಷ್ಟೇ ಮೆಲಾಂತ ಬಂದು, ಓದಿ ಕೊಡುತ್ತೇನೆಂದು ಫಾನಿಯಾಸನ ಮೇಣದ ಹಲಗೆಗಳನ್ನು ಒಯ್ದಿದ್ದ.

ಆ ಹಲಗೆಗಳ ಮೇಣದ ಮೇಲೆ ಗೀರಿ ಬರೆದದ್ದೆಲ್ಲ ರೋಗಿಗಳ ಕಥೆ. ಯಾರಿಗೆ ಎಷ್ಟನೇ ದಿನ ಜ್ವರ ಏರಿತು, ಯಾರು ಉಳಿದರು, ಯಾರು ಹೋದರು, ವೈದ್ಯ ಎಲ್ಲಿ ಎಡವಿದ. ತಪ್ಪನ್ನು ಬರೆದಿಡಿ, ಮುಂದೆ ಬರುವವನು ಅದೇ ಹಳ್ಳಕ್ಕೆ ಬೀಳಬಾರದು ಎಂದು ಗುರು ಕಲಿಸಿದ್ದ. ಬರೆದದ್ದನ್ನು ಊರ ಸಭೆಗೆ ಹೊತ್ತು ತರುವ ಪುಣ್ಯಾತ್ಮನೂ ತನ್ನ ಶಿಷ್ಯರಲ್ಲೇ ಇದ್ದಾನೆಂದು ಪಾಪ, ಅವನಿಗೇನು ಗೊತ್ತು?

ಮೆಲಾಂತ ಸಭೆಯ ನಡುವೆ ನಿಂತು ಒಂದು ಹಲಗೆ ಎತ್ತಿ ಓದಿದ: "ನಾವಿಕ ಸಿಮೋನ್. ತಲೆಗೆ ಕಲ್ಲೇಟು. ಬುರುಡೆಯಲ್ಲಿದ್ದದ್ದು ಬಿರುಕು. ಅದನ್ನು ಮೂಳೆಗಳು ಕೂಡುವಲ್ಲಿ ಹುಟ್ಟಿನಿಂದ ಬಂದ ಹೊಲಿಗೆಗೆರೆ ಎಂದು ಬಿಟ್ಟೆ. ಹದಿನೈದನೆಯ ದಿನ ಮೂಳೆ ಕೊರೆದೆ. ತಡವಾಗಿತ್ತು. ಸತ್ತ. ತಪ್ಪು ನನ್ನದು."

ಸಿಮೋನನ ಅಪ್ಪ ಗೊರ್ಗ, ಮೀನು ಹಿಡಿಯುವ ಮುದುಕ, ಜನರ ನಡುವಿನಿಂದ ಎದ್ದು ಬಂದ.

"ನನ್ ಮಗನ್ನ ಕೊಂದೋನು ನೀನಾ? ಹೋದ ಹಬ್ಬಕ್ಕೂ ನಿನ್ ಬಿಡಾರಕ್ಕೆ ಮೀನು ತಂದ್ಕೊಟ್ಟೆನಲ್ಲೋ."

ಸಿಮೋನನಿಗೆ ಕಲ್ಲೇಟು ಬಿದ್ದ ದಿನ ವೈದ್ಯರಿಬ್ಬರೂ ಜೊತೆಗಿದ್ದರು. ಅವತ್ತು ಬುರುಡೆಯ ಮೇಲೆ ಬೆರಳಾಡಿಸಿ ಹೊಲಿಗೆಗೆರೆ ಅಂದವನು ಮೆಲಾಂತ. ನಾವಿಕ ಸತ್ತ ಮೇಲೆ ಫಾನಿಯಾಸನ ಕಾಲು ಹಿಡಿದು, ನನ್ನ ಹೆಸರು ಬರೆದರೆ ಯಾರೂ ಹೊಸ್ತಿಲು ತುಳಿಯಗೊಡುವುದಿಲ್ಲ ಎಂದು ಅತ್ತವನೂ ಅವನೇ. ಫಾನಿಯಾಸ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದ. ಈಗ ನಿಜ ಹೇಳಿದರೆ ನಂಬುವವರು ಯಾರು? ಜನ ಮೆಲಾಂತನೇ ಇರಲಿ ಎಂದು ಕೈ ಎತ್ತಿದರು.

ಹಾವಿಗೆ ಹಾಲೆರೆದಿರಿ, ಅನುಭವಿಸಿ ಎಂದು ಹೆದಿಸ್ತೆ ಗಂಟುಮೂಟೆ ಕಟ್ಟತೊಡಗಿದಳು. ಫಾನಿಯಾಸನಿಗೆ ಕೆಲಸ ಹೋದದ್ದಕ್ಕಲ್ಲ, ಅಣ್ಣಾ ಅಂದ ಬಾಯಿಯೇ ಓದಿತಲ್ಲ ಎಂಬ ಸಂಕಟ.

ಮೂರನೆಯ ದಿನ ದೇವಾಲಯದ ಗೋಡೆ ಕಟ್ಟುತ್ತಿದ್ದ ಕಲ್ಲುಕುಟಿಗನೊಬ್ಬ ಮೇಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಮೆಲಾಂತ ಫಾನಿಯಾಸನ ಬಿಡಾರದ ಹಿತ್ತಲ ಬಾಗಿಲಿಗೆ ಬಂದ.

"ಅಣ್ಣಾ, ಒಂದ್ಸಲ ಬಂದು ನೋಡು. ಬಿರುಕೋ ಹೊಲಿಗೆಯೋ, ತಿಳೀತಾ ಇಲ್ಲ."

"ಸಭೇಲಿ ಓದಿದ ಹಲಗೇಲೇ ಇದೆ, ಕೊನೇ ಸಾಲು. ಅದನ್ಯಾಕೆ ಓದ್ಲಿಲ್ಲ?"

"ತಪ್ಪು ನನ್ನದು ಅನ್ನೋವರೆಗೇ ನಾನು ಓದಿದ್ದು. ಯಾರಾದ್ರೂ ಹಲಗೆ ಕೇಳಿ ನೋಡ್ತಾರೇನೋ ಅಂತ... ಅವತ್ತೇ ಮೇಣ ಕರಗಿಸ್ಬಿಟ್ಟೆ. ಎಲ್ಲಾ ಹಲಗೇದೂ."

ಹದಿನೆಂಟು ವರ್ಷದ ಬರಹ. ಫಾನಿಯಾಸ ಬಾಗಿಲು ಮುಚ್ಚಲು ಕೈ ಎತ್ತಿದ. ಆದರೆ ಗೋಡೆಯಿಂದ ಬಿದ್ದವನು ಮೆಲಾಂತನಲ್ಲವಲ್ಲ. ಒಳಗೆ ಹೋಗಿ ಮಸಿಯ ಕುಡಿಕೆ ತಂದ.

ಕಲ್ಲುಕುಟಿಗನ ತಲೆಯ ಚರ್ಮ ಸರಿಸಿ, ಬುರುಡೆಗೆ ಮಸಿ ಬಳಿದು ಕಟ್ಟು ಕಟ್ಟಿದ. ಮರುದಿನ ಬಿಚ್ಚಿ ಮೂಳೆಯನ್ನು ಹೆರೆದ. ಬೇರೆಲ್ಲ ಕಡೆ ಮಸಿ ಹೋಯಿತು, ಒಂದು ಗೆರೆಯಲ್ಲಿ ಮಾತ್ರ ಕಪ್ಪು ಉಳಿಯಿತು. ಮಸಿ ಆಳಕ್ಕೆ ಇಳಿದದ್ದು ಬಿರುಕಿನಲ್ಲಿ. ಇದೇ ಆ ಕೊನೆಯ ಸಾಲು. ಸಿಮೋನನನ್ನು ಕಳೆದುಕೊಂಡು ಕಲಿತದ್ದು. ಅವತ್ತೇ ಬೈರಿಗೆ ಹಿಡಿದು, ಒಳಗೆ ನಿಂತ ರಕ್ತ ಹೊರಬರುವಂತೆ ಮೂಳೆ ಕೊರೆದ. ಐದನೆಯ ದಿನ ಕಲ್ಲುಕುಟಿಗ ಕಣ್ಣು ಬಿಟ್ಟು ಗಂಜಿ ಕೇಳಿದ. ಹೊಸ ವೈದ್ಯ ಮೆಲಾಂತನ ಕೈಗುಣ ದೊಡ್ಡದು ಎಂದು, ಫಾನಿಯಾಸ ಬಂದದ್ದನ್ನು ಕಾಣದ ಊರು ಕೊಂಡಾಡಿತು. ಮೆಲಾಂತ ಅಲ್ಲಗಳೆಯಲಿಲ್ಲ.

ಹಡಗು ಹತ್ತುವ ಮುಂಚೆ ಫಾನಿಯಾಸ ಹೊಸ ಹಲಗೆಗೆ ಮೇಣ ಹೊಯ್ದು, ಸಿಮೋನನ ಕಥೆಯನ್ನು ಮೊದಲಿನಿಂದ ಬರೆದ. ಈ ಸಲವಾದರೂ ಮೆಲಾಂತನ ಹೆಸರು ಬರೆಯಿರಿ ಎಂದಳು ಹೆದಿಸ್ತೆ. ಬರೆದ.

"ಬುರುಡೆ ಮುಟ್ಟಿ ನೋಡಿದವನು ಮೆಲಾಂತ. ಹೊಲಿಗೆಗೆರೆ ಅಂದ. ನಾನು ನೋಡಲಿಲ್ಲ, ಅವನನ್ನು ನಂಬಿದೆ. ತಪ್ಪು ನನ್ನದು."