ಮೊಟ್ಟೆ ಕಾಯುವ ಅಪ್ಪ

ಬಲೆ ಹಾಕಿದರೂ ಬರಿಗೈ, ಗಾಳ ಹಾಕಿದರೂ ಬರಿಗೈ. ರೋಸಿಹೋದ ಲಾರಿ ಡ್ರೈವರ್ ಭಾನುವಾರ ಬೆಳಿಗ್ಗೆ ನೀರಿಗೆ ಸುರಿದು ಮೀನು ಸಾಯಿಸಿ ಹಿಡಿಯಲು ಬ್ಲೀಚಿಂಗ್ ಪೌಡರ್ ಚೀಲ ಹೊತ್ತು ಹೊಳೆಗೆ ಹೊರಟ. ಅಕ್ಕ ಅಡ್ಡ ನಿಂತಳು.

"ಹೊಳೆಗೆ ವಿಷ ಸುರೀತೀಯೇನೋ? ನಲ್ಲೀಲಿ ಬರೋದೂ ಅದೇ ನೀರು!"

"ಅಯ್ಯೋ ಅಕ್ಕಾ, ಹೊಳೆ ಎಷ್ಟು ಜೋರಾಗಿದೆ! ಗಳಿಗೇಲಿ ಕೊಚ್ಕೊಂಡು ಹೋಗುತ್ತೆ. ಊರೆಲ್ಲ ಮಾಡ್ತಾರೆ, ನಾನು ಮಾಡಿದ್ರೆ ತಪ್ಪಾ?"

ಅಕ್ಕ ಬೆನ್ನು ಬಿಡಲಿಲ್ಲ. ಹೊಳೆಯಲ್ಲಿ ಮೀನುಗಾರಿಕೆ ಇಲಾಖೆಯ ಮೇಡಂ ಮೊಣಕಾಲುದ್ದ ನೀರಲ್ಲಿ ನಿಂತು, ಗಾಜಿನ ತಳದ ಡಬ್ಬ ಇಟ್ಟುಕೊಂಡು ಒಳಗೆ ಇಣುಕುತ್ತಿದ್ದರು. ಚೀಲ ನೋಡಿದರು, ಬೈಯಲಿಲ್ಲ.

"ಸುರಿಯೋ ಮುಂಚೆ ಒಂದ್ಸಲ ಇದನ್ನ ನೋಡಿ ಅಣ್ಣಾ."

ಅವನು ಚೀಲ ದಡದಲ್ಲಿಟ್ಟು ನೀರಿಗಿಳಿದ. ಸೆಳವಿಗೆ ಅವನ ಕಾಲೇ ನಿಲ್ಲುತ್ತಿರಲಿಲ್ಲ. ಡಬ್ಬದಲ್ಲಿ ಇಣುಕಿದರೆ, ಬೆರಳುದ್ದದ ಮೀನೊಂದು ಬಾಯಿಂದ ಬಂಡೆ ಕಚ್ಚಿಕೊಂಡು ಅಲ್ಲಾಡದೆ ಕೂತಿದೆ! ಮೈಮೇಲೆ ಹೆಂಚು ಹೊದಿಸಿದಂತೆ ಮೂಳೆಯ ಕವಚ. ಪಕ್ಕದ ಸಂದಿಯಲ್ಲಿ ಹಳದಿ ಮೊಟ್ಟೆಗಳು. ಅವಕ್ಕೆ ರೆಕ್ಕೆಯಿಂದ ನೀರು ಬೀಸುತ್ತಾ ಅದೇ ಜಾತಿಯ ಇನ್ನೊಂದು ಮೀನು.

"ತಾಯೀನಾ ಮೇಡಂ?"

"ಅಲ್ಲ, ಅಪ್ಪ. ಮರಿ ಆಗೋವರೆಗೂ ಕದಲಲ್ಲ."

ಡ್ರೈವರ್ ಬೆರಳು ಹತ್ತಿರ ತಂದ. ಮೀನು ಓಡಲಿಲ್ಲ. ಎದುರು ಬಂದು ಬೆರಳಿಗೇ ಗುದ್ದಿತು.

"ಎಲಾ ಗಟ್ಟಿಗ!" ಅವನು ಅಂಗಿ ನೆನೆದದ್ದೂ ಗೊತ್ತಾಗದೆ ನೋಡಿದ. "ಪೌಡರ್ ಹಾಕಿದ್ರೂ ಈ ಕವಚ ತಡೆಯುತ್ತಲ್ವಾ?"

"ಇಲ್ಲಣ್ಣ, ಕಿವಿರು ಸುಟ್ಟುಹೋಗುತ್ತೆ. ಬೇರೆ ಮೀನು ಓಡಬಹುದು. ಇದು ಮೊಟ್ಟೆ ಬಿಟ್ಟು ಹೋಗಲ್ಲ, ಅಲ್ಲೇ ಸಾಯುತ್ತೆ. ಎಲ್ಲರೂ ಹೀಗೆ ಸುರಿದು ಸುರಿದು ಮರಿಗಳೇ ಉಳೀತಿಲ್ಲ. ಬಲೆ ಖಾಲಿ ಬರ್ತಿರೋದು ಅದಕ್ಕೇ."

ಅಷ್ಟರಲ್ಲಿ ಅವನ ಗೆಳೆಯರು ಬಕೆಟ್ ಹಿಡಿದು ಬಂದರು. "ಏನೋ, ಇನ್ನೂ ಸುರಿದಿಲ್ವಾ?" ಒಬ್ಬ ಚೀಲಕ್ಕೆ ಕೈ ಹಾಕಿದ.

"ಮುಟ್ಟಬೇಡ!" ಡ್ರೈವರ್ ದಡಬಡ ದಡ ಹತ್ತಿದ. "ಮೊದಲು ಇಲ್ಲಿ ಬಂದು ನೋಡ್ರೋ. ನೋಡಿದ ಮೇಲೂ ಸುರೀಬೇಕು ಅನ್ಸಿದ್ರೆ ಹೇಳಿ."

ಒಬ್ಬೊಬ್ಬರಾಗಿ ನೋಡಿದರು. ಚೀಲಕ್ಕೆ ಕೈ ಹಾಕಿದವನೇ ಅದನ್ನು ಎತ್ತಿ ಡ್ರೈವರ್ ಹೆಗಲಿಗಿಟ್ಟ. ಚೀಲ ಮನೆಗೆ ವಾಪಸಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಕೇಳಿದಳು: "ಮೀನೆಲ್ಲಪ್ಪಾ?"

"ಅದು ಮಕ್ಕಳನ್ನ ನೋಡ್ಕೊಳ್ತಾ ಇತ್ತು ಪುಟ್ಟೀ. ನಾನೇ ಕರೀಲಿಲ್ಲ."

ಅಕ್ಕ ನಗುತ್ತಾ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ನಿಮ್ಮೂರ ಹೊಳೆಯ ಕಲ್ಲಿನಡಿಯಲ್ಲೂ ಯಾವುದೋ ಜೀವ ಹೀಗೇ ಮರಿಗಳಿಗಾಗಿ ಕಾಯುತ್ತಿರಬಹುದು. ನೀರಿಗೆ ವಿಷ ಹಾಕಬೇಡಿ. ಹಾಕುವವರನ್ನು ಕಂಡರೆ ಕರೆದು ತೋರಿಸಿ, ತಿಳಿಹೇಳಿ.